ಭುಜದ ಸರ್ವೋ ಎರಡು ಸಲ ಸುಟ್ಟಿತು: ರೋಬೋ ಕೈಗೆ ಯಾವ ಕೀಲು, ಎಷ್ಟು ಕೀಲು?

ಸಾಗರದ_ಹುಡುಗ

ನಮಸ್ಕಾರ. ನಾನು ಡಿಪ್ಲೊಮಾ ಕೊನೆಯ ವರ್ಷ, ಮೆಕ್ಯಾನಿಕಲ್. ಮೂವರು ಸೇರಿ ಪ್ರಾಜೆಕ್ಟ್‌ಗೆ ರೋಬೋ ಕೈ ಮಾಡುತ್ತಿದ್ದೇವೆ. ಕೆಲಸ ಇಷ್ಟೇ: ಒಂದು ಟ್ರೇಯಿಂದ 80 ಗ್ರಾಂ ತೂಕದ ಡಬ್ಬಿ ಎತ್ತಬೇಕು, ಪಕ್ಕದ ಟ್ರೇಯಲ್ಲಿ ಸಾಲಾಗಿ, ಸೊಟ್ಟ ಆಗದಂತೆ ಇಡಬೇಕು.

ಈಗ ಇರುವುದು ಹೀಗೆ. ಬುಡ ಸುತ್ತ ತಿರುಗುತ್ತದೆ. ಅದರ ಮೇಲೆ ಭುಜ, ಮೊಣಕೈ, ಮಣಿಕಟ್ಟು. ಮೂರೂ ಪೆಟ್ಟಿಗೆ ಮುಚ್ಚಳದ ಥರ ಮೇಲೆ-ಕೆಳಗೆ ಬಾಗುತ್ತವೆ. ಭುಜದಿಂದ ಮೊಣಕೈಗೆ 20 ಸೆಂಮೀ, ಅಲ್ಲಿಂದ ಬೆರಳಿಗೆ ಇನ್ನೊಂದು 20 ಸೆಂಮೀ. ನಾಲ್ಕೂ ಕಡೆ ಎಂಜಿ996ಆರ್ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಚಿಕ್ಕ ಮೋಟಾರ್). ಹಿಡಿಯುವ ಬೆರಳಿಗೆ ಅದಕ್ಕಿಂತ ಚಿಕ್ಕ ಸರ್ವೋ, ಎಸ್‌ಜಿ90.

ಕೈ ಮಡಿಸಿದ್ದಾಗ ಚೆನ್ನಾಗಿ ಓಡುತ್ತದೆ. ಚಾಚಿದರೆ ನಡುಗುತ್ತದೆ, ನಿಧಾನಕ್ಕೆ ಜೋತುಬೀಳುತ್ತದೆ. ಹೋದ ವಾರ ಭುಜದ ಸರ್ವೋ ಸುಟ್ಟ ವಾಸನೆ ಬಂದು ಸತ್ತಿತು. ಹೊಸದು ಹಾಕಿದೆವು. ಅದೂ ಎರಡೇ ದಿನ ಬಾಳಿತು. ಸೀನಿಯರ್ ಒಬ್ಬರು "ನಾಲ್ಕು ಕೀಲು ಸಾಲದು, ಫ್ಯಾಕ್ಟರಿ ರೋಬೋ ಥರ ಆರು ಹಾಕಿ" ಅಂದರು. ಕೀಲು ಜಾಸ್ತಿ ಮಾಡಿದರೆ ಸರಿಹೋಗುತ್ತದಾ?

ನಟ್ಟುಬೋಲ್ಟು

ಲೆಕ್ಕ ಹಾಕೋಣ. ಬೆರಳು, ಮಣಿಕಟ್ಟಿನ ಸರ್ವೋ, ಸ್ಕ್ರೂ ಎಲ್ಲ ಸೇರಿ 120 ಗ್ರಾಂ ಅಂದುಕೊಳ್ಳಿ. ಡಬ್ಬಿ 80. ಒಟ್ಟು 200 ಗ್ರಾಂ, 40 ಸೆಂಮೀ ದೂರದಲ್ಲಿ. ತೂಕವನ್ನು ದೂರದಿಂದ ಗುಣಿಸಿದರೆ ಕೀಲಿಗೆ ಬೇಕಾದ ತಿರುಗಿಸುವ ಬಲ, ಅಂದರೆ 8 ಕೆಜಿ-ಸೆಂಮೀ. ನಿಮ್ಮ ಸರ್ವೋ 6 ವೋಲ್ಟ್‌ಗೆ 11 ಕೆಜಿ-ಸೆಂಮೀ ಕೊಡುತ್ತದೆ. ಸಾಕಾಗಬೇಕಿತ್ತು. ನಿಮ್ಮ ಅಡಾಪ್ಟರ್ ನೋಡಿ. ಈ ಸರ್ವೋ ಸಿಕ್ಕಿಕೊಂಡಾಗ ಒಂದೊಂದೂ ಸುಮಾರು ಎರಡೂವರೆ ಆಂಪ್ಸ್ ಎಳೆಯುತ್ತದೆ. ಎಸ್‌.ಪಿ. ರಸ್ತೆಯಲ್ಲಿ ತಂದ 2 ಆಂಪ್ಸ್ ಅಡಾಪ್ಟರ್ ಆದರೆ ಕಥೆ ಮುಗಿಯಿತು.

ಗಣಿತದ_ಮೇಷ್ಟ್ರು

ನಟ್ಟುಬೋಲ್ಟು ಅವರೇ, ಕೈಯ ತೂಕವನ್ನು ಕೈಯೇ ಹೊರಬೇಕಲ್ಲ. ಅದನ್ನು ಬಿಟ್ಟಿದ್ದೀರಿ. ಮೊಣಕೈಯಲ್ಲಿ ಕೂತಿರುವ ಸರ್ವೋ 55 ಗ್ರಾಂ, 20 ಸೆಂಮೀ ದೂರದಲ್ಲಿ: 1.1. ಭುಜದಿಂದ ಮೊಣಕೈವರೆಗಿನ ಮೊದಲ ಪಟ್ಟಿ 60 ಗ್ರಾಂ ಅಂದರೆ ಅದರ ನಡುವೆ 10 ಸೆಂಮೀ: 0.6. ಎರಡನೆಯ ಪಟ್ಟಿ 30 ಸೆಂಮೀ ದೂರದಲ್ಲಿ: 1.8. ನಿಮ್ಮ 8 ಸೇರಿಸಿ. 11.5 ಬಂತು.

ಇನ್ನೊಂದು ಮಾತು. ಪೆಟ್ಟಿಗೆ ಮೇಲೆ ಬರೆದಿರುವ 11 ಕೆಜಿ-ಸೆಂಮೀ ಅನ್ನುವುದು ಮೋಟಾರ್ ನಿಂತುಹೋಗುವ ಅಂಕಿ. ಅಲ್ಲಿ ಅದು ತಿರುಗುತ್ತಿರುವುದಿಲ್ಲ, ಸುಮ್ನೆ ಬಿಸಿಯಾಗುತ್ತಿರುತ್ತದೆ. ಹೊತ್ತುಗಟ್ಟಲೆ ಹೊರಿಸುವುದಾದರೆ ಮೂರನೇ ಒಂದು ಭಾಗ ಮೀರಬಾರದು ಎಂದು ನಾನು ಹುಡುಗರಿಗೆ ಹೇಳುತ್ತೇನೆ. ಸಾಗರದವರ ಸರ್ವೋ ಸತ್ತದ್ದರಲ್ಲಿ ಆಶ್ಚರ್ಯವಿಲ್ಲ. ಎರಡು ದಿನ ಬದುಕಿದ್ದೇ ಹೆಚ್ಚು.

ಆರು ಕೀಲು ಹಾಕಿದರೆ? ಹೊಸ ಎರಡು ಸರ್ವೋಗಳ ತೂಕವೂ ಇದೇ ಭುಜದ ಮೇಲೆ ಬೀಳುತ್ತದೆ.

ನಟ್ಟುಬೋಲ್ಟು

ಒಪ್ಪಿದೆ, ನನ್ನ ತಪ್ಪು. ಅಡಾಪ್ಟರ್ ಮಾತ್ರ ನೋಡಲೇಬೇಕು, ಅದನ್ನು ಬಿಡುವುದಿಲ್ಲ.

ಅರೆಬೆಂದ_ಇಡ್ಲಿ

ಹಳ್ಳಿಯ ಏತ ನೋಡಿದ್ದೀರಾ? ಉದ್ದ ಮರ, ಒಂದು ತುದಿಗೆ ನೀರಿನ ಕೊಡ, ಇನ್ನೊಂದು ತುದಿಗೆ ಕಲ್ಲು. ಭುಜದ ಹಿಂದೆ ಕಲ್ಲು ಕಟ್ಟಿ, ಮುಗಿಯಿತು!

ಗಣಿತದ_ಮೇಷ್ಟ್ರು

ತಮಾಷೆಯಾಗಿ ಹೇಳಿದರೂ ಸರಿಯಾದ ಮಾತು. ಡಬ್ಬಿ ಇಲ್ಲದಾಗ ಸುಮಾರು 8.3, ಇದ್ದಾಗ 11.5. ನಡುವಿನ 10 ಕೆಜಿ-ಸೆಂಮೀ ಸರಿದೂಗಿಸಬೇಕಾದರೆ 10 ಸೆಂಮೀ ಹಿಂದೆ 1 ಕೆಜಿ ಕಟ್ಟಬೇಕು. ಅರ್ಧ ಕೆಜಿಯೂ ತೂಗದ ಕೈಗೆ 1 ಕೆಜಿ ಬಾಲ. ಬುಡ ತಿರುಗುವಾಗ ಅದನ್ನೂ ಬೀಸಬೇಕು. ಕಲ್ಲಿಗಿಂತ ಸ್ಪ್ರಿಂಗ್ ವಾಸಿ.

ಪೀಣ್ಯ_ಪಾಳಿ

ದೊಡ್ಡ ರೋಬೋಗಳಲ್ಲೂ ಹಾಗೇ. ಎರಡನೇ ಆಕ್ಸಿಸ್ (ಕೀಲು) ಪಕ್ಕ ದಪ್ಪ ಸಿಲಿಂಡರ್ ಒಂದು ಇರುತ್ತದೆ. ಹೊಸಬರು ಅದನ್ನು ಹೈಡ್ರಾಲಿಕ್ ಮೋಟಾರ್ ಅಂದುಕೊಳ್ಳುತ್ತಾರೆ. ಅಲ್ಲ, ಏತದ ಕಲ್ಲಿನ ಕೆಲಸ ಅದರದ್ದು. ಕೆಲವದರಲ್ಲಿ ಸ್ಪ್ರಿಂಗ್, ಕೆಲವದರಲ್ಲಿ ಗ್ಯಾಸ್. ಅದನ್ನು ಬಿಚ್ಚಲು ಮಾತ್ರ ಯಾವತ್ತೂ ಹೋಗಬೇಡಿ, ಒಳಗಿನ ಒತ್ತಡ ಹಾರಿಬಂದರೆ ಆಳು ಉಳಿಯುವುದಿಲ್ಲ.

ನಾನು ವೆಲ್ಡಿಂಗ್ ರೋಬೋ ಲೈನಿನಲ್ಲಿ ಇರುವವನು. ಆರು ಆಕ್ಸಿಸ್ ಅಂದರೆ ಶೋಕಿ ಅಂದುಕೊಂಡವರಿಗೆ ಒಂದು ಕಥೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ನೇರ ಗೆರೆಯ ವೆಲ್ಡ್ ಪ್ರೋಗ್ರಾಂ ಬರೆದೆ. ನಿಧಾನಕ್ಕೆ ಓಡಿಸಿದಾಗ ಸರಿಯಾಗೇ ಇತ್ತು. ಪೂರ್ತಿ ವೇಗ ಕೊಟ್ಟೆ. ಅರ್ಧ ದಾರಿಯಲ್ಲಿ ಮಣಿಕಟ್ಟು ಗಿರ್ರನೆ ಸುತ್ತಿ, ವೆಲ್ಡಿಂಗ್ ಟಾರ್ಚ್ ಕೇಬಲ್ ಸುತ್ತಿಕೊಂಡು, ಅಲಾರಂ ಹೊಡೆದು ನಿಂತಿತು. ಕೇಬಲ್ ಹಾಳು. ಐದನೇ ಕೀಲು ಸೊನ್ನೆ ಡಿಗ್ರಿಗೆ ಬಂದಾಗ ನಾಲ್ಕನೆಯದೂ ಆರನೆಯದೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಎರಡೂ ಒಂದೇ ಕೆಲಸ ಮಾಡತೊಡಗುತ್ತವೆ. ಆರು ಇದ್ದರೂ ಆ ಕ್ಷಣಕ್ಕೆ ಐದೇ. ಗೆರೆ ಬಿಡದೆ ಹೋಗಲು ಕಂಟ್ರೋಲರ್ ಒಂದನ್ನು ಆ ಕಡೆ, ಇನ್ನೊಂದನ್ನು ಈ ಕಡೆ ಸಿಕ್ಕಾಪಟ್ಟೆ ವೇಗದಲ್ಲಿ ತಿರುಗಿಸಲು ನೋಡುತ್ತದೆ. ಸಿಂಗ್ಯುಲಾರಿಟಿ ಅಂತಾರೆ. ಆಮೇಲೆ ಟಾರ್ಚ್ ಹಿಡಿತವನ್ನೇ ಸ್ವಲ್ಪ ಓರೆ ಮಾಡಿದೆ, ಐದನೇ ಕೀಲು ಸೊನ್ನೆಯ ಹತ್ತಿರವೇ ಹೋಗಲಿಲ್ಲ.

ಕರಾವಳಿ_ಕಾಗೆ

ನಾನು ಕಾಮರ್ಸ್ ಓದಿದವಳು, ಸುಮ್ನೆ ಕುತೂಹಲ. ನಮ್ಮ ಭುಜದಲ್ಲಿ ಗುಂಡು ಮತ್ತು ಬಟ್ಟಲು ಇದೆ ಅಂತ ಶಾಲೆಯಲ್ಲಿ ಓದಿದ್ದೇನೆ. ರೋಬೋಗೆ ಯಾಕೆ ಅದನ್ನೇ ಹಾಕುವುದಿಲ್ಲ? ಕೀಲು ಅಂದರೆ ಬಿಜಾಗರಿ ಒಂದೇನಾ?

ಗಣಿತದ_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಜರ್ಮನಿಯ ಫ್ರಾಂಟ್ಸ್ ರೂಲೋ ಎಂಬ ಎಂಜಿನಿಯರ್ 19ನೇ ಶತಮಾನದಲ್ಲೇ ಇದಕ್ಕೆ ಅಡಿಪಾಯ ಹಾಕಿದ. ಎರಡು ಗಟ್ಟಿ ವಸ್ತುಗಳು ಮೈಗೆ ಮೈ ತಾಗಿಕೊಂಡೇ ಚಲಿಸುವ ಬಗೆ ಆರೇ ಆರು. ಎಲ್ಲ ನಿಮ್ಮ ಮನೆಯಲ್ಲೇ ಇವೆ.

ಬಾಗಿಲ ಬಿಜಾಗರಿ ಬರೀ ತಿರುಗುತ್ತದೆ. ಮೇಜಿನ ಡ್ರಾಯರ್ ಬರೀ ಜಾರುತ್ತದೆ. ಸ್ಕ್ರೂ ಇರುವ ಚಕ್ಕುಲಿ ಒರಳಿನ ಹಿಡಿ ತಿರುಗುತ್ತ ಕೆಳಗಿಳಿಯುತ್ತದೆ, ಆದರೆ ಎಷ್ಟು ತಿರುಗಿತೋ ಅಷ್ಟೇ ಇಳಿಯಬೇಕು, ಹಾಗಾಗಿ ಅದಕ್ಕೂ ಒಂದೇ ಸ್ವಾತಂತ್ರ್ಯ (ತಾನಾಗಿ ಬೇರೆ ಚಲಿಸಬಲ್ಲ ಬಗೆ). ಬಾಗಿಲ ಚಿಲಕ ನೋಡಿ: ಮೊದಲು ಹಿಡಿಯನ್ನು ತಿರುಗಿಸುತ್ತೀರಿ, ಆಮೇಲೆ ಎಳೆಯುತ್ತೀರಿ, ಎರಡೂ ಬೇರೆ ಬೇರೆ. ಅದಕ್ಕೆ ಎರಡು ಸ್ವಾತಂತ್ರ್ಯ. ಕೇರಂ ಬೋರ್ಡಿನ ಮೇಲೆ ಸ್ಟ್ರೈಕರ್: ಉದ್ದಕ್ಕೆ, ಅಡ್ಡಕ್ಕೆ, ಜೊತೆಗೆ ಗಿರಕಿ, ಒಟ್ಟು ಮೂರು. ಕೊನೆಗೆ ನಿಮ್ಮ ಭುಜದ ಗುಂಡು, ಅದಕ್ಕೂ ಮೂರು.

ಈಗ ಸಮಸ್ಯೆ. ಬಿಜಾಗರಿಗೆ ಒಂದು ಮೋಟಾರ್ ಸಿಕ್ಕಿಸುವುದು ಸುಲಭ. ಡ್ರಾಯರಿಗೂ ಸುಲಭ. ಗುಂಡಿಗೆ ಮೂರು ದಿಕ್ಕಿನಿಂದ ಮೂರು ಮೋಟಾರ್ ಎಲ್ಲಿ ಕೂರಿಸುತ್ತೀರಿ? ನಮ್ಮ ಭುಜಕ್ಕೆ ಸುತ್ತ ಸ್ನಾಯುಗಳಿವೆ, ಎಲ್ಲ ಕಡೆಯಿಂದ ಹಗ್ಗದ ಥರ ಎಳೆಯುತ್ತವೆ. ರೋಬೋ ಮಾಡುವವರು ಗುಂಡನ್ನು ಮೂರು ಬಿಜಾಗರಿಯಾಗಿ ಒಡೆಯುತ್ತಾರೆ, ಮೂರರ ಗೆರೆಯೂ ಒಂದೇ ಬಿಂದುವಿನಲ್ಲಿ ಸೇರುವಂತೆ ಜೋಡಿಸುತ್ತಾರೆ. ಪೀಣ್ಯದವರ ಕೇಬಲ್ ತಿಂದ ಮಣಿಕಟ್ಟು ಅದೇ. ಹಾಗೆ ಸೇರಿಸಿದರೆ ದೊಡ್ಡ ಲಾಭವಿದೆ: ಯಾವ ಕೀಲು ಎಷ್ಟು ತಿರುಗಬೇಕು ಎಂಬ ಲೆಕ್ಕವನ್ನು ನೇರ ಸೂತ್ರದಲ್ಲೇ ಬಿಡಿಸಬಹುದು. 1968ರಲ್ಲಿ ಡೊನಾಲ್ಡ್ ಪೀಪರ್ ಇದನ್ನು ತೋರಿಸಿಕೊಟ್ಟ. ಇವತ್ತಿಗೂ ಎಷ್ಟೋ ಕಾರ್ಖಾನೆ ರೋಬೋಗಳ ಮಣಿಕಟ್ಟು ಆ ಥರ ಇರುವುದಕ್ಕೆ ಇದೊಂದು ಕಾರಣ.

ಹಳೇ_ಡ್ರಾಫ್ಟರ್

ಗುಂಡಿನ ಕೀಲು ಇಲ್ಲವೇ ಇಲ್ಲ ಅಂತಲ್ಲ. ಮೋಟಾರ್ ಬೇಡದ ಜಾಗದಲ್ಲಿ ಹಾಕುತ್ತಾರೆ. ಚಾಕಲೇಟ್, ಬಿಸ್ಕತ್ತು ಪ್ಯಾಕ್ ಮಾಡುವ ಡೆಲ್ಟಾ ರೋಬೋ ಇದೆಯಲ್ಲ, ಜೇಡದ ಥರ ಮೇಲಿಂದ ನೇತಾಡುವುದು, ಅದರ ತೆಳು ಕಡ್ಡಿಗಳ ತುದಿಯಲ್ಲಿ ಗುಂಡುಗಳಿವೆ. ಸ್ವಿಟ್ಜರ್ಲೆಂಡಿನ ರೇಮಂಡ್ ಕ್ಲಾವೆಲ್ 1980ರ ದಶಕದಲ್ಲಿ ಮಾಡಿದ್ದು. ಮೋಟಾರ್ ಮೂರೂ ಮೇಲೆ ಚೌಕಟ್ಟಿನಲ್ಲೇ ಕೂತಿರುತ್ತವೆ. ಓಡಾಡುವುದು ಬರೀ ಕಡ್ಡಿ. ಅದಕ್ಕೇ ಆ ವೇಗ.

ಸಾಗರದವರು ಈ ಮಾತನ್ನು ಗಮನಿಸಬೇಕು: ಓಡಾಡುವ ಭಾಗದ ಮೇಲೆ ಮೋಟಾರ್ ಕೂರಿಸದಿದ್ದಷ್ಟೂ ಒಳ್ಳೆಯದು.

ತಿರುಗಣಿ

ಎಲ್ಲರೂ ಭುಜಕ್ಕೆ ಔಷಧಿ ಹುಡುಕುತ್ತಿದ್ದೀರಿ. ಕಾಯಿಲೆಯೇ ಬೇಡ ಅಂದರೆ?

ಮನೆಯ ಮುಂಬಾಗಿಲು ಹಲಸಿನ ಮರದ್ದು, ಇಬ್ಬರು ಸೇರಿ ಹೊರಬೇಕು. ಆದರೂ ಮೂರು ವರ್ಷದ ಮಗು ಒಂದು ಬೆರಳಿನಲ್ಲಿ ತೆಗೆಯುತ್ತದೆ. ಅದೇ ಬಾಗಿಲನ್ನು ಅಡ್ಡ ಮಲಗಿಸಿ ಅಟ್ಟದ ಬಾಯಿಗೆ ಮುಚ್ಚಳ ಮಾಡಿ ನೋಡಿ. ಎತ್ತಲು ಗಟ್ಟಿಮುಟ್ಟಾದ ಆಳು ಬೇಕು. ಬಿಜಾಗರಿ ಅದೇ, ಬಾಗಿಲು ಅದೇ. ಬದಲಾದದ್ದು ಬಿಜಾಗರಿಯ ಗೆರೆ ನಿಂತಿದೆಯೋ ಮಲಗಿದೆಯೋ ಅನ್ನುವುದು ಮಾತ್ರ.

ಸಾಗರದವರ ಭುಜ, ಮೊಣಕೈ, ಮಣಿಕಟ್ಟು ಮೂರೂ ಅಟ್ಟದ ಮುಚ್ಚಳಗಳು. ಮೂರನ್ನೂ ಬಾಗಿಲು ಮಾಡಿಬಿಡಿ. ಗೆರೆ ನೆಟ್ಟಗೆ ನಿಲ್ಲಲಿ. ಆಗ ತೂಕವನ್ನು ಬೇರಿಂಗ್ ಹೊರುತ್ತದೆ, ಮೋಟಾರ್ ಬರೀ ಪಕ್ಕಕ್ಕೆ ತಳ್ಳುತ್ತದೆ. ಮೇಲೆ-ಕೆಳಗೆ ಹೋಗಲು ಬೆರಳಿನ ಹತ್ತಿರ ಒಂದು ಚಿಕ್ಕ ಡ್ರಾಯರ್ ಸಾಕು. ಇದು ನನ್ನ ಬುದ್ಧಿಯಲ್ಲ. ಜಪಾನಿನ ಯಮನಾಶಿ ವಿಶ್ವವಿದ್ಯಾಲಯದಲ್ಲಿ ಹಿರೋಶಿ ಮಕಿನೊ 1978ರಲ್ಲಿ ಮಾದರಿ ಮಾಡಿದರು, ಸ್ಕಾರಾ ಅಂತ ಹೆಸರು. ಪಕ್ಕಕ್ಕೆ ಸ್ವಲ್ಪ ಬಳುಕುತ್ತದೆ, ಮೇಲೆ-ಕೆಳಗೆ ಬಿಗಿಯಾಗಿರುತ್ತದೆ. ತೂತಿಗೆ ಪಿನ್ ಒತ್ತಿ ಕೂರಿಸುವ ಕೆಲಸಕ್ಕೆ ಬೇಕಾದದ್ದೇ ಅದು: ಪಿನ್ ಕೂದಲೆಳೆ ಆಚೀಚೆ ಇದ್ದರೂ ಕೈ ತಾನೇ ಸರಿದುಕೊಂಡು ತೂತು ಹುಡುಕುತ್ತದೆ.

ಟ್ರೇಯಿಂದ ಟ್ರೇಗೆ ಡಬ್ಬಿ. ಇದಕ್ಕಿಂತ ಸರಿಹೊಂದುವ ಕೆಲಸ ಇನ್ನೊಂದಿಲ್ಲ.

ನಟ್ಟುಬೋಲ್ಟು

ಇದು ನೋಡಿ ಮಾತು. ಒಂದು ಎಚ್ಚರಿಕೆ: ಮೇಷ್ಟ್ರ 11.5 ಎಲ್ಲೂ ಮಾಯವಾಗಲಿಲ್ಲ. ಈಗ ಅದು ಶಾಫ್ಟನ್ನು ಓರೆ ಮಾಡಲು ನೋಡುತ್ತದೆ. ಸರ್ವೋದ ಪ್ಲಾಸ್ಟಿಕ್ ಬಿಲ್ಲೆ ಮೇಲೆ ನೇರ ಕೈ ಕೂರಿಸಿದರೆ ಗೇರ್ ಹಲ್ಲು ಹೋಗುತ್ತದೆ. 8 ಎಂಎಂ ರಾಡ್, 608 ಬೇರಿಂಗ್ ಎರಡು, ನಡುವೆ 4 ಸೆಂಮೀ ಅಂತರ. ಒಂದೊಂದು ಬೇರಿಂಗ್ ಮೇಲೆ 3 ಕೆಜಿ ಹತ್ತಿರ ಬೀಳುತ್ತದೆ, ಅದಕ್ಕೆ ಅದು ಲೆಕ್ಕವೇ ಅಲ್ಲ. ಒಂದೇ ಬೇರಿಂಗ್ ಹಾಕಬೇಡಿ.

ಆಕಾಶಬುಟ್ಟಿ

ನನಗೆ ಇದು ಹಿಂದೆ ಹೋದ ಹಾಗೆ ಕಾಣುತ್ತದೆ. ಇಸ್ರೋ 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60ರಲ್ಲಿ ಕಳಿಸಿದ ನಡೆಯುವ ರೋಬೋ ಕೈಗೆ ಏಳು ಕೀಲು. ಬಾಹ್ಯಾಕಾಶ ನಿಲ್ದಾಣದ ಕೆನಡಾರ್ಮ್2ಕ್ಕೂ ಏಳು. ಇವರು ಮೂರು ನಾಲ್ಕಕ್ಕೆ ನಿಲ್ಲಬೇಕಾ?

ತಿರುಗಣಿ

ಅವಕ್ಕೆ ಏಳು ಯಾಕೆ ಅನ್ನುವುದನ್ನೂ ನೋಡಬೇಕು. ಒಂದು ವಸ್ತುವನ್ನು ಎಲ್ಲಿ ಬೇಕಾದರೂ, ಯಾವ ಕೋನದಲ್ಲಿ ಬೇಕಾದರೂ ಹಿಡಿಯಲು ಆರು ಬೇಕು. ಏಳನೆಯದು, ಬೆರಳು ಅಲ್ಲಾಡದಂತೆ ಇಟ್ಟು ಮೊಣಕೈಯನ್ನು ಮಾತ್ರ ಪಕ್ಕಕ್ಕೆ ಸರಿಸಲು. ಮೇಜಿನ ಮೇಲೆ ಅಂಗೈ ಊರಿ ನಿಮ್ಮ ಮೊಣಕೈ ಆಡಿಸಿ ನೋಡಿ, ನಮಗೂ ಏಳೇ: ಭುಜಕ್ಕೆ ಮೂರು, ಮೊಣಕೈಗೆ ಒಂದು, ಮುಂಗೈ ಹೊರಳಲು ಒಂದು, ಮಣಿಕಟ್ಟಿಗೆ ಎರಡು. ಬಾಹ್ಯಾಕಾಶದ ಆ ಎರಡು ರೋಬೋ ಕೈಗಳೂ ಕಂಬಳಿಹುಳದ ಥರ ಒಂದು ತುದಿ ಊರಿ ಇನ್ನೊಂದನ್ನು ಎತ್ತಿಡಬೇಕು, ದಾರಿಯಲ್ಲಿ ಸಿಗುವುದನ್ನು ಬಳಸಿಕೊಂಡು ಹೋಗಬೇಕು. ಮೇಲಾಗಿ ಅಲ್ಲಿ ತೂಕದ ಕಾಟವಿಲ್ಲ. ಕೆನಡಾರ್ಮ್2 ಉದ್ದವೇ 17.6 ಮೀಟರ್.

ಚಪ್ಪಟೆ ಮೇಜಿನ ಮೇಲೆ, ನೆಟ್ಟಗೆ ನಿಂತ ಡಬ್ಬಿಗೆ ಬೇಕಾದದ್ದು ನಾಲ್ಕು: ಉದ್ದ, ಅಗಲ, ಎತ್ತರ, ಡಬ್ಬಿಯ ತಿರುವು. ಉಳಿದ ಕೀಲುಗಳು ತೂಕ ತಿನ್ನುತ್ತವೆ, ಸಡಿಲವನ್ನೂ ಸೇರಿಸುತ್ತವೆ. ಭುಜದ ಗೇರಿನಲ್ಲಿ 1 ಡಿಗ್ರಿ ಸಡಿಲ ಇದ್ದರೆ 40 ಸೆಂಮೀ ಆಚೆ ಅದು 7 ಮಿಮೀ.

ಆಕಾಶಬುಟ್ಟಿ

ಸರಿ. ನನ್ನ ಆಸೆ ನನ್ನದು, ಅವರ ಡಬ್ಬಿ ಅವರದು :)

ಸಾಗರದ_ಹುಡುಗ

ಬಾಗಿಲು-ಅಟ್ಟದ ಮಾತು ಓದಿ ಮೂವರೂ ತಲೆ ಚಚ್ಚಿಕೊಂಡೆವು. ಇವತ್ತೇ ಬಿಚ್ಚುತ್ತೇವೆ. ಕೋನಗಳ ಲೆಕ್ಕ ಮಾತ್ರ ಯಾರಾದರೂ ಸುಲಭವಾಗಿ ಹೇಳಿ.

ಗಣಿತದ_ಮೇಷ್ಟ್ರು

ನಿಮಗೆ ಬೇಕಾದದ್ದು ಒಂದೇ ತ್ರಿಕೋನ. ಎರಡು ಬಾಹು 20, 20. ಮೂರನೆಯದು ಭುಜದಿಂದ ಡಬ್ಬಿಗೆ ಇರುವ ದೂರ. ಆ ದೂರದ ವರ್ಗದಿಂದ ಎರಡೂ ಪಟ್ಟಿಗಳ ವರ್ಗ ಕಳೆಯಿರಿ, ಪಟ್ಟಿಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ. ಬಂದದ್ದು ಮೊಣಕೈ ಕೋನದ, ಅಂದರೆ ನೇರ ಚಾಚಿದ್ದರಿಂದ ಎಷ್ಟು ಮಡಿಯಬೇಕೋ ಅದರ, ಕೊಸೈನ್.

ಡಬ್ಬಿ ಮುಂದಕ್ಕೆ 20, ಎಡಕ್ಕೆ 20 ಇದೆ ಅನ್ನಿ. ದೂರದ ವರ್ಗ 800. ಕಳೆಯಬೇಕಾದದ್ದು 400 ಮತ್ತು 400. ಸೊನ್ನೆ ಉಳಿಯಿತು. ಮೊಣಕೈ 90 ಡಿಗ್ರಿ. ಭುಜ ನೇರ ಮುಂದಕ್ಕೆ, ಮೊಣಕೈ ಎಡಕ್ಕೆ ಮಡಿಸಿ. ಅಥವಾ ಭುಜವನ್ನು ಎಡಕ್ಕೆ ತಿರುಗಿಸಿ ಮೊಣಕೈ ಬಲಕ್ಕೆ ಮಡಿಸಿ. ಎರಡೂ ಸರಿ. ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ, ಇಲ್ಲದಿದ್ದರೆ ಕೈ ನಡುವೆ ಪಕ್ಕ ಬದಲಿಸಿ ಡಬ್ಬಿಗಳನ್ನೆಲ್ಲ ಗುಡಿಸಿ ಹಾಕುತ್ತದೆ.

ಟ್ರೇಯನ್ನು 40 ಸೆಂಮೀ ಅಂಚಿಗೆ ಇಡಬೇಡಿ. ಮೊಣಕೈ 90 ಡಿಗ್ರಿಯಲ್ಲಿದ್ದಾಗ 1 ಸೆಂಮೀ ಚಾಚಲು ಸುಮಾರು 4 ಡಿಗ್ರಿ ಸಾಕು. 39ರಿಂದ 40ಕ್ಕೆ ಹೋಗುವ ಕೊನೆಯ 1 ಸೆಂಮೀಗೆ ಸುಮಾರು 26 ಡಿಗ್ರಿ ಬೇಕು. ಪೀಣ್ಯದವರ ಮಣಿಕಟ್ಟಿನ ಭೂತದ ತಮ್ಮ ಇದು.

ಸಾಗರದ_ಹುಡುಗ (ಎರಡು ವಾರದ ನಂತರ)

ಸುದ್ದಿ ಕೊಡಲು ಬಂದೆ. ಕೈ ಓಡುತ್ತಿದೆ! ಭುಜದ ಸರ್ವೋ ಅರ್ಧ ಗಂಟೆ ಓಡಿಸಿದರೂ ಬೆಚ್ಚಗಷ್ಟೇ ಆಗುತ್ತದೆ. ಮೊದಲು ಒಂದೇ ಬೇರಿಂಗ್ ಹಾಕಿದ್ದೆವು (ಕ್ಷಮಿಸಿ ನಟ್ಟುಬೋಲ್ಟು ಅಣ್ಣ), ತುದಿ 1 ಸೆಂಮೀ ಬಾಗಿತ್ತು. ಎರಡು ಹಾಕಿದ ಮೇಲೆ ಸರಿಹೋಯಿತು. ಎತ್ತುವುದಕ್ಕೆ ಹಲ್ಲುಪಟ್ಟಿ ಮತ್ತು ಎಸ್‌ಜಿ90, 5 ಸೆಂಮೀ ಏರಿಳಿತ.

ಹಳೇ_ಡ್ರಾಫ್ಟರ್ ಮಾತು ಕೇಳಿ ಮೊಣಕೈ ಸರ್ವೋವನ್ನೂ ಬುಡಕ್ಕೆ ತಂದು, ಸಮ ಗಾತ್ರದ ಪುಲ್ಲಿ ಎರಡು ಹಾಕಿ ಬೆಲ್ಟ್ ಎಳೆದಿದ್ದೇವೆ. ಆದರೆ ಒಂದು ವಿಚಿತ್ರ. ಭುಜ ಮಾತ್ರ ತಿರುಗಿಸಿದರೂ ಮೊಣಕೈಯೂ ತಾನಾಗೇ ಮಡಿಯುತ್ತದೆ. ಪ್ರೋಗ್ರಾಂ ಹತ್ತು ಸಲ ನೋಡಿದೆವು. ತಪ್ಪು ಕಾಣುತ್ತಿಲ್ಲ.

ಹಳೇ_ಡ್ರಾಫ್ಟರ್

ಪ್ರೋಗ್ರಾಂನಲ್ಲಿ ತಪ್ಪಿಲ್ಲ, ಬೆಲ್ಟ್ ತನ್ನ ಕೆಲಸ ಮಾಡುತ್ತಿದೆ. ಸರ್ವೋ ಬುಡದಲ್ಲಿದೆ, ಪುಲ್ಲಿ ಸಮ. ಹಾಗಾಗಿ ಸರ್ವೋ ಅಲ್ಲಾಡದಿದ್ದರೆ ಎರಡನೇ ಪಟ್ಟಿ ಕೋಣೆಯ ಲೆಕ್ಕದಲ್ಲಿ ದಿಕ್ಕು ಬದಲಿಸುವುದಿಲ್ಲ. ಭುಜ ಎಡಕ್ಕೆ 30 ಹೋದರೆ ಮೊಣಕೈ ಬಲಕ್ಕೆ 30 ಮಡಿದ ಹಾಗೆ ಕಾಣುತ್ತದೆ. ಆ ಸರ್ವೋಗೆ ಮೇಷ್ಟ್ರ ಮೊಣಕೈ ಕೋನವನ್ನಷ್ಟೇ ಕೊಡಬೇಡಿ. ಭುಜದ ಕೋನವನ್ನೂ ಅದಕ್ಕೆ ಕೂಡಿಸಿ ಕೊಡಿ. ಅಷ್ಟೇ.

ಈಗ ನನ್ನ ಹೆಸರಿನ ಗುಟ್ಟು. ಮೊದಲ ವರ್ಷದ ಡ್ರಾಯಿಂಗ್ ಕ್ಲಾಸಿಗೆ ಮಿನಿ ಡ್ರಾಫ್ಟರ್ ಹೊತ್ತುಕೊಂಡು ಹೋಗಿದ್ದು ನೆನಪಿದೆಯಾ? ಹಾಳೆಯ ಮೇಲೆ ಎಲ್ಲಿಗೆ ಎಳೆದರೂ ಸ್ಕೇಲು ಓರೆ ಆಗುತ್ತಿರಲಿಲ್ಲ. ಅದೂ ಭುಜ-ಮೊಣಕೈ ಇರುವ ಕೈಯೇ. ಡ್ರಾಫ್ಟರ್‌ನಲ್ಲಿ ಜೋಡಿ ಸರಳುಗಳು ಮಾಡುವ ಕೆಲಸವನ್ನು ನಿಮ್ಮಲ್ಲಿ ಬೆಲ್ಟ್ ಮಾಡಬಹುದು. ಬುಡಕ್ಕೆ ಅಲ್ಲಾಡದ ಪುಲ್ಲಿ ಒಂದನ್ನು ಸ್ಕ್ರೂ ಹಾಕಿ ಬಿಗಿಯಿರಿ. ಅಲ್ಲಿಂದ ಮೊಣಕೈಗೆ ಒಂದು ಬೆಲ್ಟ್, ಮೊಣಕೈಯಿಂದ ಬೆರಳಿಗೆ ಇನ್ನೊಂದು. ಮೊಣಕೈಯಲ್ಲಿರುವ ಜೋಡಿ ಪುಲ್ಲಿ ಶಾಫ್ಟ್ ಮೇಲೆ ಸಡಿಲವಾಗಿ ತಿರುಗಲಿ. ಎಲ್ಲ ಪುಲ್ಲಿ ಒಂದೇ ಅಳತೆ. ಬೆರಳು ಯಾವತ್ತೂ ಒಂದೇ ದಿಕ್ಕಿಗೆ ಮುಖ ಮಾಡಿರುತ್ತದೆ. ನಿಮ್ಮ ಎರಡೂ ಟ್ರೇ ಒಂದೇ ದಿಕ್ಕಿಗಿದ್ದರೆ ಡಬ್ಬಿ ಸೊಟ್ಟ ಆಗುವ ಪ್ರಶ್ನೆಯೇ ಇಲ್ಲ. ಮಣಿಕಟ್ಟಿನ ಸರ್ವೋ ತೆಗೆದುಹಾಕಿ.

ತಿರುಗಣಿ

ನಾನು ನಾಲ್ಕು ಅಂದಿದ್ದೆ. ಇವರು ಮೂರಕ್ಕೆ ಇಳಿಸಿದರು! ತಿರುವು ಬದಲಾಗಬೇಕಿಲ್ಲದಿದ್ದರೆ ಅದಕ್ಕೆ ಮೋಟಾರ್ ಯಾಕೆ, ನಿಜ. ಇದು ನನಗೆ ಹೊಳೆದಿರಲಿಲ್ಲ.

ಸಾಗರದ_ಹುಡುಗ (ಒಂಬತ್ತು ದಿನದ ನಂತರ)

ಮುಗಿಯಿತು. ಒಬ್ಬನ ಅಕ್ಕನ ಹಳೆಯ ಮಿನಿ ಡ್ರಾಫ್ಟರ್ ಅಟ್ಟದಿಂದ ಇಳಿಸಿ, ಮೇಜಿನ ಮೇಲಿಟ್ಟು ನೋಡಿಕೊಂಡೇ ಬೆಲ್ಟ್ ಹಾಕಿದೆವು. ಸತತ 50 ಡಬ್ಬಿ ಇಟ್ಟೆವು. ಎರಡು ಬಿದ್ದವು, ಎರಡೂ ಸಲ ಬೆರಳಿನ ರಬ್ಬರ್ ಜಾರಿದ್ದು.

ಇವತ್ತು ವೈವಾ. ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಕೇಳಿದ್ದೇ "ಬೇರೆ ಬ್ಯಾಚಿನವರು ಐದು ಆಕ್ಸಿಸ್ ಮಾಡಿದ್ದಾರೆ, ನಿಮ್ಮದು ಮೂರೇ ಯಾಕೆ?" ನಾನು ಏನೂ ಹೇಳಲಿಲ್ಲ. ಲ್ಯಾಬಿನ ಬಾಗಿಲನ್ನು ಒಂದು ಬೆರಳಿನಲ್ಲಿ ತಳ್ಳಿ ತೋರಿಸಿದೆ. ಆಮೇಲೆ ಟೂಲ್ ಪೆಟ್ಟಿಗೆಯ ಕಬ್ಬಿಣದ ಮುಚ್ಚಳ ಎತ್ತಲು ಅವರಿಗೇ ಕೊಟ್ಟೆ.

ನಟ್ಟುಬೋಲ್ಟು

ಮಾರ್ಕ್ಸ್ ಎಷ್ಟು ಬಂತು ಅದನ್ನು ಹೇಳು ಮಾರಾಯ. ಅಡಾಪ್ಟರ್ ಬದಲಿಸಿದೆಯಾ?

ಸಾಗರದ_ಹುಡುಗ

ಮಾರ್ಕ್ಸ್ ಇನ್ನೂ ಬಂದಿಲ್ಲ ಅಣ್ಣ. ಅಡಾಪ್ಟರ್ 2 ಆಂಪ್ಸ್‌ದೇ ಆಗಿತ್ತು, ಬದಲಿಸಿದೆವು.